ಕೈ ಮುಗಿದು ನಿಂತವಳು

ವಿಮಲಾ ಅವರ ಬಲಗೈ ಮುಷ್ಕರ ಹೂಡಿ ಮೂರು ತಿಂಗಳಾಗಿತ್ತು. ಪಾರ್ಶ್ವವಾಯು ಬಡಿದ ಮೇಲೆ ಕಾಲು ಹೇಗೋ ದಾರಿಗೆ ಬಂತು. ಕೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇತ್ತು. ಈ ತಿಂಗಳೂ ಅಲುಗದಿದ್ದರೆ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಡಗೈಯಲ್ಲಿ ಉಣ್ಣಲು ಆಕೆ ಸುತರಾಂ ಒಪ್ಪದ್ದರಿಂದ ಗಂಡ ರಾಮಪ್ರಸಾದರೇ ತುತ್ತು ಕೊಡುತ್ತಿದ್ದರು. ನಲವತ್ತು ವರ್ಷ ಕೂತಲ್ಲಿಗೇ ಊಟ ತರಿಸಿಕೊಂಡ ಮನುಷ್ಯ. ಹುಳಿಯನ್ನ ಅರ್ಧ ಬಾಯಿಗೆ, ಅರ್ಧ ಸೀರೆಗೆ.

೨೦೦೭ರ ಮಾತಿದು. ಬೆಂಗಳೂರಿನ ಜೆ.ಪಿ. ನಗರದ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಹೊಸ ಪ್ರಯೋಗ ನಡೆದಿತ್ತು. ದೊಡ್ಡ ಪರದೆಯ ಮೇಲೆ ಸೀರೆಯುಟ್ಟ ಕಂಪ್ಯೂಟರ್ ಹೆಂಗಸೊಬ್ಬಳು ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ನೋಡುವವರ ಮೈಯೂ ತನಗರಿವಿಲ್ಲದೆ ಹಾಗೇ ಮಾಡಬೇಕು. "ಎದುರಿನವ್ರು ಆಕಳಿಸಿದ್ರ ನಮಗೂ ಆಕಳಿಕಿ ಬರ್ತದಲ್ರೀ ಅಮ್ಮಾರ, ಹಂಗ" ಎಂದು ಅವಳನ್ನು ರೂಪಿಸಿದ ಎಂಜಿನಿಯರ್ ಸಿದ್ದಾರೂಢ ವಿವರಿಸಿದ್ದ. ಕೊಪ್ಪಳದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಮನೆ. ವಿಮಲಾ ಹದಿನೈದು ದಿನ ಪರದೆ ನೋಡಿದರು. ಆಕಳಿಕೆ ಬಂತು, ಕೈ ಬರಲಿಲ್ಲ.

ಹದಿನಾರನೆಯ ದಿನ ಸಿದ್ದಾರೂಢ ಕೊನೆಗೊಂದು ನಮಸ್ಕಾರ ಸೇರಿಸಿದ್ದ. ಅದಕ್ಕಾಗಿ ತಾಯಿ ಹುಲಿಗೆವ್ವನ ಕೈಗಳಿಗೆ ಚಲನೆ ಗುರುತಿಸುವ ಚುಕ್ಕಿ ಅಂಟಿಸಿ, ಆಕೆ ಕೈ ಮುಗಿಯುವ ರೀತಿಯನ್ನೇ ಕ್ಯಾಮೆರಾದಲ್ಲಿ ಹಿಡಿದಿದ್ದನಂತೆ. ವ್ಯಾಯಾಮ ಮುಗಿಯಿತು; ಹೆಂಗಸು ಎದೆಯ ಬಳಿ ಕೈ ಜೋಡಿಸಿದಳು. ಫೋನು ಬಂತೆಂದು ಅವನು ಹೊರಗೆ ಹೋದ. ಅವಳು ಕೈ ಇಳಿಸಲೇ ಇಲ್ಲ.

"ಕಂಪ್ಯೂಟರ್ ಹ್ಯಾಂಗ್ ಆಗಿದೆ ಕಣೇ, ಏಳು" ಎಂದರು ರಾಮಪ್ರಸಾದ.

"ಏಳೋದು ಹೇಗ್ರೀ? ಪಾಪ, ಅವಳು ಕೈ ಮುಗ್ದು ನಿಂತಿದಾಳೆ."

"ಅದು ಬೊಂಬೆ!"

"ಆದ್ರೇನು? ನಮಸ್ಕಾರ ನಮಸ್ಕಾರಾನೇ ಅಲ್ವಾ?"

ಬೊಂಬೆಯೆಂದು ವಿಮಲಾಗೂ ಗೊತ್ತಿತ್ತು. ಆದರೆ ಗ್ಯಾಸ್ ಸಿಲಿಂಡರ್ ತಂದವನಿಗೂ ತಿರುಗಿ ಕೈ ಮುಗಿಯದೆ ಬಾಗಿಲು ಹಾಕಿದ ಜೀವ ಅದಲ್ಲ. ಎಡಗೈ ಒಂದನ್ನೇ ಎತ್ತಲು ಮನಸ್ಸು ಒಪ್ಪಲಿಲ್ಲ, ಮುಖ ಸಣ್ಣದಾಯಿತು. ಆ ಹೆಂಗಸು ಮಾತ್ರ ಯಾವ ಅವಸರವೂ ಇಲ್ಲದೆ ಇವರನ್ನೇ ನೋಡುತ್ತಿದ್ದಳು. ತಡೆಯಲಾರದೆ ಎಡಗೈ ಎದೆಗೆ ಬಂತು. ಬಲಭುಜ ಒಮ್ಮೆ ಅದುರಿತು. ಮೊಣಕೈ ಮಡಚಿತು. ಅಂಗೈ ನಡುಗುತ್ತ, ಮಡಿಲು ಬಿಟ್ಟು ಹೊಟ್ಟೆಯ ತನಕ ಏರಿತು. ಎಡಗೈ ಕೆಳಗಿಳಿದು ಅದನ್ನು ಕೂಡಿಕೊಂಡಿತು.

ರಾಮಪ್ರಸಾದರು ಕನ್ನಡಕ ತೆಗೆದು ಗಳಗಳನೆ ಅತ್ತರು.

ಸದ್ದು ಕೇಳಿ ಓಡಿಬಂದ ಸಿದ್ದಾರೂಢನಿಗೆ ಮೊದಲು ಕಂಡದ್ದು ಪರದೆ. "ಅಯ್ಯ, ಕೈ ಇಳಿಸೂದು ಸೇರಿಸೂದನ್ನ ಮರ್ತೀನ್ರಿ ಅಮ್ಮಾರ, ತಪ್ಪಾತು. ನಾಳೆನ ಸರಿ ಮಾಡ್ತೀನ್ರಿ."

"ಬೇಡಪ್ಪ, ನಿನ್ನ ದಮ್ಮಯ್ಯ, ಸರಿ ಮಾಡ್ಬೇಡ." ವಿಮಲಾ ಜೋಡಿಸಿದ ಕೈಗಳನ್ನು ಹಾಗೆಯೇ ಅವನ ಕಡೆಗೆ ತಿರುಗಿಸಿದರು. "ಇದು ನಿಮ್ಮಮ್ಮಂಗೆ ಸೇರ್ಬೇಕು, ತಲುಪಿಸು. ನನ್ನಂಥೋರು ಇನ್ನೂ ಎಷ್ಟು ಜನ ಬರ್ತಾರೋ. ಕೈ ಏಳೋವರೆಗೂ ಕಾಯೋರು ಒಬ್ರಾದ್ರೂ ಬೇಕಲ್ಲಪ್ಪ."