ಕೊನೆಯ ಸಾಲಿನಿಂದ

ಕಾಮಾ, ಅಂದರು, ದಿನಕ್ಕೆ ಎರಡು ಬಾರಿ ಕಾಮಾ ಊಟವಾದ ಮೇಲೆ ಫುಲ್‌ಸ್ಟಾಪ್, ಇವತ್ತು ಆ ಗಂಟಲಲ್ಲಿ ಕಫ ಕಟ್ಟಿದೆ, ಎದುರು ಕೂತ ಹಿರಿಯರದು, ಮೂಲಪ್ರತಿ ಹಿಡಿದು ವಿರಾಮಚಿಹ್ನೆ ಸಮೇತ ಗಟ್ಟಿಯಾಗಿ ಓದೋದು ಅವರ ಕೆಲಸ, ಇವತ್ತಿನದು ಔಷಧಿ ಚೀಟಿ, ಅಚ್ಚಾಗಿ ಬಂದ ಕರಡಿನ ಮೇಲೆ ಪೆನ್ಸಿಲ್ ಓಡಿಸ್ತಾ ತಪ್ಪು ಹಿಡಿಯೋದು ನನ್ನದು, ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನ ಅಲ್ಪವಿರಾಮ ಅಂತಾರೆ, ಮಾತಿಗೆ ಪೂರ್ಣವಿರಾಮವೇ ಇಲ್ಲವಲ್ಲ ಅದಕ್ಕೆ, ಅವರೂ ಆ ಹೆಸರಿಗೇ ಓಗೊಡ್ತಾರೆ — ಮಾತ್ರೆಯನ್ನು ಅಗಿಯದೆ ನುಂಗಬೇಕು ಫುಲ್‌ಸ್ಟಾಪ್ — ಫ್ಯಾನು ಕಿರ್ರನ್ನುತ್ತೆ, ಮಸಿ ವಾಸನೆ, ಗಡಿಯಾರದಲ್ಲಿ ಎರಡೂವರೆ, ಮೂರೂವರೆಗೆ ಶಾಲೆಯಲ್ಲಿರಬೇಕು, ಟೀಚರ್ ಚೀಟಿ ಕಳಿಸಿದ್ದಾರೆ, ಜೇಬಲ್ಲಿದೆ, ನಿಮ್ಮ ಮಗಳು ಓದುತ್ತಾಳೆ ಆದರೆ ಓದುವುದಿಲ್ಲ, ದಯವಿಟ್ಟು ಬಂದು ಕಾಣಿ, ಹೀಗೇ ಆದರೆ ಮುಂದಿನ ವರ್ಷವೂ ಎರಡನೇ ಕ್ಲಾಸಿನಲ್ಲೇ ಕೂರಿಸಬೇಕಾಗುತ್ತದೆ. ಏನು ವಾಕ್ಯ ಇದು, ನನ್ನ ಮೇಜಿಗೆ ಬಂದಿದ್ದರೆ ಅಂಚಿನಲ್ಲಿ ದೊಡ್ಡ ಪ್ರಶ್ನೆಚಿಹ್ನೆ ಹಾಕಿ ವಾಪಸ್ ಕಳಿಸ್ತಿದ್ದೆ, ಒಂದೇ ಉಸಿರಲ್ಲಿ ಹೌದು ಅಂತಾರೆ, ಅದೇ ಉಸಿರಲ್ಲಿ ಇಲ್ಲ ಅಂತಾರೆ, ಟೀಚರಂತೆ ಟೀಚರು. ಯಾರ ಮಗಳು ಅವಳು, ಇಪ್ಪತ್ತೆರಡು ವರ್ಷದಿಂದ ದಿನಾ ಎಂಟು ಗಂಟೆ ಓದಿಯೇ ಹೊಟ್ಟೆ ಹೊರೆಯೋನ ಮಗಳು, ಅವಳಿಗೆ ಓದು ಬರಲ್ಲವಂತೆ, ಮೀನಿನ ಮರಿಗೆ ಈಜು ಬರಲ್ಲ ಅಂದ ಹಾಗಾಯಿತು — ಏನಪ್ಪಾ ಎಲ್ಲಿದ್ದೀಯ, ಅಂತಾರೆ ಅಲ್ಪವಿರಾಮ, ನಿನ್ನ ಪೆನ್ಸಿಲ್ ನಿಂತು ಮೂರು ಸಾಲಾಯ್ತು, ಇಲ್ಲೇ ಇದ್ದೀನಿ ಓದಿ ಓದಿ, ಅಂದೆ.

ಇಲ್ಲೇ ಇರಬೇಕು, ಗಮನ ಕೂದಲೆಳೆಯಷ್ಟು ಜಾರಿದರೂ ಕಥೆ ಮುಗೀತು, ಜಾರಿದ್ದೆ ಒಂದು ಸಲ, ಕೆಲಸಕ್ಕೆ ಸೇರಿದ ಹೊಸತು, ಕೆಮ್ಮಿನ ಔಷಧಿ ಜೊತೆ ಇಡೋ ಚೀಟಿ, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಇರಬೇಕಾದ ಕಡೆ ಕೊಡಬಹುದು ಅಂತ ಅಚ್ಚಾಗಿತ್ತು, ನೋಡಿದೆ, ಕಣ್ಣಾರೆ ನೋಡಿದೆ, ಆದರೆ ಓದಿಕೊಂಡದ್ದು ಮಾತ್ರ ಕೊಡಬಾರದು ಅಂತ, ಯಾಕಂದ್ರೆ ಅರ್ಥ ಅನ್ನೋದು ಮುಂದೆ ಓಡಿಹೋಗಿ ಬಾಗಿಲು ತೆಗೆದು ನಿಂತಿತ್ತು, ಕಣ್ಣು ಅದರ ಹಿಂದೆ ಕುರಿ ಹಾಗೆ ಹೋಯ್ತು. ಚೀಟಿ ಮಡಚೋ ಹೆಂಗಸು ಹಿಡಿದಳು, ಪುಣ್ಯಾತ್ಗಿತ್ತಿ, ಡಬ್ಬಿಗೆ ಸೇರೋಕೆ ಮುಂಚೆ, ಇಲ್ಲದಿದ್ದರೆ — ಆ ಇಲ್ಲದಿದ್ದರೆ ಅನ್ನೋದನ್ನ ಇವತ್ತಿಗೂ ಪೂರ್ತಿ ಯೋಚನೆ ಮಾಡಿಲ್ಲ ನಾನು. ಅವತ್ತಿನಿಂದ ಕೊನೇ ಸುತ್ತು ಓದೋದು ಕೆಳಗಿನಿಂದ ಮೇಲಕ್ಕೆ, ಕೊನೆಯ ಪದದಿಂದ ಮೊದಲ ಪದಕ್ಕೆ, ಹಾಗೆ ಓದಿದರೆ ಅರ್ಥ ಹತ್ತಿರ ಸುಳಿಯಲ್ಲ, ಒಂದೊಂದು ಪದವೂ ಒಂಟಿಯಾಗಿ ಕೈಗೆ ಸಿಗುತ್ತೆ, ತಪ್ಪಿಗೆ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ. ಅದನ್ನೇ ಮಗಳಿಗೆ ಕಲಿಸಿದೆ, ಏನು ತಪ್ಪು, ಮೊದಲು ಏನು ಮಾಡ್ತಿದ್ದಳು ಅವಳು, ಚಿತ್ರ ನೋಡಿ ರೈಲು ಬಿಡ್ತಿದ್ದಳು, ಮರದ ಚಿತ್ರ ಕಂಡರೆ ಸಾಕು, ಅಲ್ಲಿ ಏನೇ ಬರೆದಿರಲಿ, ಮರದ ಮೇಲೆ ಕೋತಿ ಕೂತಿತ್ತು ಅಂತ ಶುರು, ಎಲ್ಲೇ ಕೋತಿ ತೋರಿಸು ಅಂದರೆ ಈಗ ತಾನೇ ಇಳಿದು ಹೋಯ್ತಪ್ಪಾ ಅಂತಾಳೆ, ಅಮ್ಮ ಮಗಳು ಇಬ್ಬರೂ ಬಿದ್ದು ಬಿದ್ದು ನಗೋದು, ಪಟಾಕಿ ಅಂತಾನೇ ಕರೀತಾಳೆ ಅವಳಮ್ಮ, ಬಾಯಿ ತೆಗೆದರೆ ಚಟಪಟ ಅಂತ. ನನಗೆ ನಗು ಬರಲಿಲ್ಲ. ಸಂಜೆ ಆರಕ್ಕೆ ಊಟದ ಮೇಜು, ಪುಸ್ತಕ, ಕೊನೇ ಸಾಲಿನ ಕೊನೇ ಪದದಿಂದ ಹಿಂದಕ್ಕೆ, ತಪ್ಪಿದರೆ ಬೈಯಲ್ಲ, ಹೊಡೆಯೋ ಮಾತಂತೂ ಇಲ್ಲವೇ ಇಲ್ಲ, ಪೆನ್ಸಿಲ್‌ನಿಂದ ಮೇಜಿಗೆ ಒಂದು ಸಲ ಟಕ್, ಅಷ್ಟೇ, ನಿಲ್ಲು, ಇನ್ನೊಂದು ಸಲ ನೋಡು ಅಂತ. ಒಂಬತ್ತು ತಿಂಗಳು. ಟಕ್ ಅನ್ನೋದು ದಿನಾ ಕಮ್ಮಿ ಆಗ್ತಾ ಬಂತು, ಈಗ ಇಡೀ ಪುಟಕ್ಕೆ ಒಂದೂ ಇಲ್ಲ, ಇನ್ನೇನು ಬೇಕಂತೆ ಇವರಿಗೆ. ರೀ, ನೀವು ಓದಿಸ್ತಿಲ್ಲ, ಪೊಲೀಸ್ ವಿಚಾರಣೆ ಮಾಡ್ತಿದ್ದೀರಿ, ಅಂತಾಳೆ ಹೆಂಡತಿ, ವಾರಪತ್ರಿಕೆಯ ಧಾರಾವಾಹಿಯನ್ನ ಅರ್ಧಕ್ಕರ್ಧ ಸಾಲು ಹಾರಿಸಿ ಓದಿ ಮೂಗು ಒರೆಸಿಕೊಳ್ಳೋಳು, ಇವಳಿಂದ ನಾನು ಓದು ಕಲೀಬೇಕು. ಪಟಾಕಿ ಈಗ ಊಟಕ್ಕೆ ಕೂತಾಗಲೂ ಮಾತಾಡಲ್ಲ ಗಮನಿಸಿದ್ದೀರಾ, ಅಂತಲೂ ಅಂದಳು ಮೊನ್ನೆ. ದೊಡ್ಡವಳಾಗ್ತಿದ್ದಾಳೆ, ಬುದ್ಧಿ ಬರ್ತಿದೆ, ಅಂದೆ.

ಅರ್ಧ ದಿನ ರಜೆ ಬರೆದುಕೊಟ್ಟು ಬೀದಿಗೆ ಬಿದ್ದರೆ ಅಲ್ಲೂ ಬಿಡುವಿಲ್ಲ ಈ ಕಣ್ಣಿಗೆ, ಕ್ಷೌರದಂಗಡಿ ಬೋರ್ಡಿನಲ್ಲಿ ಒಂದು ತಪ್ಪು, ಔಷಧಿ ಅಂಗಡಿಯಲ್ಲಿ ಒಂದು, ಬಸ್ಸಿನ ಬೆನ್ನ ಮೇಲೆ ಎರಡು, ಇಡೀ ಊರೇ ತಿದ್ದದೆ ಅಚ್ಚಿಗೆ ಕಳಿಸಿದ ಹಾಗಿದೆ, ಯಾರಿಗೂ ಉರಿಯಲ್ಲ, ನನ್ನೊಬ್ಬನಿಗೇ ಮೈಯೆಲ್ಲಾ ಉರಿ. ಎಂಟು ವರ್ಷದ ಮಗು, ಜೊತೆಯವರೆಲ್ಲ ಮುಂದಿನ ಕ್ಲಾಸಿಗೆ ಹೋಗಿ ಇವಳೊಬ್ಬಳು ಚಿಕ್ಕವರ ಮಧ್ಯೆ ಮಂಡಿ ಮಡಿಸಿಕೊಂಡು ಕೂರೋದಾ, ಬಿಡಲ್ಲ ನಾನು, ಅವಳು ಓದೋದನ್ನ ಕೇಳಿಸಿಕೊಳ್ಳಿ ಅಂತೀನಿ, ಒಂದು ಅಕ್ಷರ ತಪ್ಪಿದರೆ ನನ್ನ ಕಿವಿ ಹಿಂಡಿ ಅಂತೀನಿ. ಅಂದೆ ಕೂಡ. ಕ್ಲಾಸಿನ ಬಾಗಿಲ ಹತ್ತಿರ ಚಪ್ಪಲಿ ಬಿಡೋ ಮುಂಚೆಯೇ ಅಂದುಬಿಟ್ಟೆ.

ಟೀಚರ್ ಚಿಕ್ಕ ವಯಸ್ಸಿನವರು, ಬೆರಳ ತುಂಬ ಬಣ್ಣದ ಸೀಮೆಸುಣ್ಣ, ಕೂತ್ಕೊಳ್ಳಿ ಸರ್, ಅಂತ ಮಕ್ಕಳ ಬೆಂಚು ತೋರಿಸ್ತಾರೆ, ಮಂಡಿ ಎದೆಗೆ ಬರುತ್ತೆ, ಮಗಳು ಎದುರಿಗೆ, ಪುಸ್ತಕ ತೆರೆದಿದೆ, ಅವಳ ಬೆರಳು ತಾನಾಗೇ ಪುಟದ ಕೆಳಗೆ ಹೋಗಿ ಕೂತಿತು, ಟೀಚರ್ ಮೆಲ್ಲಗೆ ಆ ಬೆರಳನ್ನ ಎತ್ತಿ ಮೇಲಿನ ಸಾಲಿಗೆ ಇಟ್ಟರು, ಓದಮ್ಮಾ ಅಂದರು ಅಷ್ಟೇ. ಓದಿದಳು. ಹದಿನಾರು ಸಾಲು, ಒಂದೇ ಸಮ, ನಲ್ಲಿಯಿಂದ ನೀರು ತೊಟ್ಟಿಕ್ಕಿದ ಹಾಗೆ ಪದ, ಪದ, ಪದ, ಒತ್ತಕ್ಷರ ಒಂದೂ ಜಾರಲಿಲ್ಲ, ನನ್ನ ಎದೆ ಉಬ್ಬಿತು, ಕೇಳಿಸಿತಾ ಟೀಚರ್, ಒಂದಾದರೂ ತಪ್ಪು, ಒಂದಾದರೂ ತೋರಿಸಿ. ಅವರು ನನ್ನ ಕಡೆ ತಿರುಗಲಿಲ್ಲ, ಮಗಳನ್ನ ಕೇಳಿದರು, ಟೋಪಿ ತಿಂದದ್ದು ಯಾರು ಪುಟ್ಟಾ. ಟೋಪಿ ಯಾರದ್ದು. ಅವಳ ಕಣ್ಣು ಪುಸ್ತಕದ ಮೇಲಿಲ್ಲ, ನನ್ನ ಕೈ ಮೇಲಿದೆ, ಕೈಯಲ್ಲಿ ಏನೂ ಇಲ್ಲ, ಆದರೂ ಅಲ್ಲೇ ಇದೆ. ಹೇಳೇ, ಈಗ ತಾನೇ ಓದಿದೆಯಲ್ಲ, ನಾಲಿಗೆ ಬಿದ್ದುಹೋಯ್ತಾ, ಅಂದೆ, ಸಿಟ್ಟು ನೆತ್ತಿಗೇರಿತ್ತು. ಆಗ ಟೀಚರ್, ನೀವೇ ಹೇಳಿಬಿಡಿ ಸರ್, ಅವಳಿಗೆ ಧೈರ್ಯ ಬರುತ್ತೆ, ಟೋಪಿ ತಿಂದದ್ದು ಯಾರು. ಬಾಯಿ ತೆಗೆದೆ. ಯಾರು. ಹದಿನಾರು ಸಾಲು ಕೇಳಿದ್ದೀನಿ, ಒಂದೊಂದು ಪದವನ್ನೂ ತೂಗಿ ಬಿಟ್ಟಿದ್ದೀನಿ, ಅದರಲ್ಲಿ ಟೋಪಿ ಇತ್ತಾ, ತಿನ್ನೋದು ಇತ್ತಾ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀನಿ ಆ ಗೇಣೆತ್ತರದ ಬೆಂಚಿನ ಮೇಲೆ. ನನ್ನನ್ನೇ ಕೇಳಿಕೊಂಡೆ, ಇವತ್ತು ಓದಿದ ಔಷಧಿ ಚೀಟಿ ಯಾವ ಕಾಯಿಲೆಯದ್ದು, ಹೇಳು ನೋಡೋಣ. ಗೊತ್ತಿಲ್ಲ. ನಿನ್ನೆಯದ್ದು. ಗೊತ್ತಿಲ್ಲ. ಕಳೆದ ತಿಂಗಳು ಮುಗಿಸಿದ ನಾನೂರು ಪುಟದ ಪುಸ್ತಕ, ಅದರಲ್ಲಿ ಯಾರೋ ಸತ್ತರು ಅಂತ ಅಲ್ಪವಿರಾಮ ಕಣ್ಣು ಒರೆಸಿಕೊಂಡಿದ್ದರು, ಯಾರು ಸತ್ತದ್ದು ಅಂತ ನಾನು ಕೇಳಿದ್ದಕ್ಕೆ, ತಮಾಷೆ ಮಾಡ್ತಿದ್ದೀಯಾ ಅಂತ ನಕ್ಕಿದ್ದರು, ತಮಾಷೆ ಮಾಡಿರಲಿಲ್ಲ ನಾನು. ಸ್ವಲ್ಪ ಹೊತ್ತು ಹೊರಗೆ ಇರ್ತೀರಾ ಸರ್, ಅಂದರು ಟೀಚರ್, ಎಷ್ಟು ಮೆತ್ತಗೆ ಅಂದರೆ ಜಗಳ ಆಡೋಕೂ ಆಗದ ಹಾಗೆ.

ಮೊಗಸಾಲೆಯಲ್ಲಿ ನಿಂತಿದ್ದೀನಿ, ಸಾಲಾಗಿ ನೀರಿನ ಬಾಟಲಿ, ಗೋಡೆ ಮೇಲೆ ಮಕ್ಕಳು ಬರೆದ ಸೂರ್ಯ, ಹನ್ನೊಂದು ಸೂರ್ಯ, ಕಿಟಕಿಗೆ ಗಾಜು, ಮೇಲಿನ ಸಂದಿಯಿಂದ ಮಾತು ಕೇಳಿಸುತ್ತೆ, ಮಗಳ ಬೆನ್ನು ಅರ್ಧ ಕಾಣುತ್ತೆ, ಕೆನ್ನೆ ಕಾಣುತ್ತೆ. ಟೀಚರ್ ಏನೂ ಕೇಳ್ತಿಲ್ಲ, ಅವರೂ ಪಕ್ಕದಲ್ಲಿ ನೆಲಕ್ಕೆ ಕೂತು ಚಿತ್ರ ನೋಡ್ತಿದ್ದಾರೆ, ಅಯ್ಯೋ ಇದರ ಮುಖ ನೋಡೇ, ಅಂತಾರೆ, ನಿಂತು ನಿಂತು ನನ್ನ ಕಾಲು ನೋಯ್ತಿದೆ, ಆಮೇಲೆ ಒಂದು ಸಣ್ಣ ಧ್ವನಿ, ಅಜ್ಜ ಮರದ ಕೆಳಗೆ ಮಲಗಿದ್ದ, ಟೋಪಿ ಪಕ್ಕದಲ್ಲಿತ್ತು, ಮೇಲಿನ ಸಾಲಿನಿಂದ, ತಡವರಿಸಿಕೊಂಡು, ನಿಂತು, ಮುಂದಕ್ಕೆ ನೋಡಿ, ಮತ್ತೆ ಹಿಂದಕ್ಕೆ ಬಂದು, ಕತ್ತೆ ಮೆಲ್ಲಗೆ ಮೆಲ್ಲಗೆ ಬಂತು — ಮೆಲ್ಲಗೆ ಅನ್ನೋದನ್ನ ಅವಳೂ ಮೆಲ್ಲಗೆ ಹೇಳ್ತಾಳೆ, ಕತ್ತೆ ನಡೆದ ಹಾಗೆ ಭುಜ ಕುಣಿಸ್ತಾಳೆ, ಅಜ್ಜನ ಗೊರಕೆ ಹೊಡೀತಾಳೆ, ಅದು ಪುಸ್ತಕದಲ್ಲಿ ಇರೋಕೆ ಸಾಧ್ಯವೇ ಇಲ್ಲ, ಟೀಚರ್ ನಗ್ತಾರೆ, ಅವಳೂ ನಗ್ತಾಳೆ, ಬಿದ್ದ ಹಲ್ಲಿನ ಸಂದಿ ಕಾಣೋ ಹಾಗೆ, ಎಷ್ಟು ದಿನ ಆಯ್ತು ಆ ನಗು ನೋಡಿ, ಆ ಹಲ್ಲು ಬಿದ್ದದ್ದು ಯಾವಾಗ, ನನಗೆ ಯಾರೂ ಹೇಳಲೇ ಇಲ್ಲವಲ್ಲ. ಹಾಗಾದರೆ ಕತ್ತೆ. ಟೋಪಿ ತಿಂದದ್ದು ಕತ್ತೆ. ತುದಿಗಾಲಲ್ಲಿ ನಿಂತೆ ನಾನು, ಒಂದು ಕತ್ತೆಗೋಸ್ಕರ, ನಾಚಿಕೆಯಾಗಬೇಕು, ಮುಂದೆ ಏನಾಯ್ತು, ಅಜ್ಜ ಎದ್ದನಾ, ಓದೇ ಓದೇ, ಗಾಜಿಗೆ ಮುಖ ಇಟ್ಟು ನಿಂತಿದ್ದೀನಿ, ಅಜ್ಜ ಎದ್ದು ನೋಡಿದರೆ ಟೋಪೀನೇ ಇಲ್ಲ, ಕತ್ತೆ ಎಲ್ಲಾ ತಿಂದುಬಿಡ್ತು, ಅಂತ ಓದಿದಳು — ತಿಂದುಬಿಡ್ತು ಅಂತ ಪುಸ್ತಕದಲ್ಲಿ ಇರಲ್ಲ, ಹಾಗೆ ಯಾರೂ ಅಚ್ಚು ಹಾಕಲ್ಲ, ಅದು ಅವಳದೇ ಮಾತು, ಅವಳಿಗೆ ಅರ್ಥವಾಗಿ ಅವಳೊಳಗಿನಿಂದ ಬಂದ ಮಾತು, ಇದೆಲ್ಲ ಆಮೇಲೆ ಹೊಳೆದದ್ದು, ಅಷ್ಟರಲ್ಲಿ ನನ್ನ ಬೆರಳಗಂಟು ಗಾಜಿಗೆ ತಾಗಿಯಾಗಿತ್ತು, ಟಕ್, ನಾನು ಬೇಕಂತ ಮಾಡಲಿಲ್ಲ, ದೇವರಾಣೆ ಬೇಕಂತ ಮಾಡಲಿಲ್ಲ. ನಗು ನಿಂತಿತು. ತಿರುಗಿ ನೋಡಲೂ ಇಲ್ಲ ಅವಳು, ಯಾರು ಅಂತ ಗೊತ್ತು, ಬೆನ್ನು ನೆಟ್ಟಗಾಯಿತು, ಭುಜ ಕೆಳಗೆ ಬಂತು, ಇಲ್ಲ ಕಣೇ, ಸರಿಯಾಗೇ ಓದಿದೆ, ಸರಿಯಾಗೇ ಇತ್ತು, ಅಂತ ಗಾಜಿನ ಈಚೆ ನಿಂತು ಹೇಳ್ತಿದ್ದೀನಿ, ಅವಳ ಬೆರಳು ಸಾಲಿನ ಮೇಲಿಂದ ಎದ್ದಿತು, ಟೀಚರ್ ಕೈ ಚಾಚಿದರು, ಅಷ್ಟರಲ್ಲಿ ಅಜ್ಜನನ್ನ ದಾಟಿ, ಕತ್ತೆಯನ್ನ ದಾಟಿ, ಪುಟದ ಕೆಳಗೆ, ಕೊನೆಯ ಸಾಲಿಗೆ, ಕೊನೆಯ ಪದಕ್ಕೆ, ಆ ಬೆರಳು, ಕೆಳಗೆ, ಅಲ್ಲೇ ಒತ್ತಿಕೊಂಡು, ಉಗುರು ಬೆಳ್ಳಗಾಗೋ ಹಾಗೆ, ಆ ಬೆರಳು