ಲಾಂಛನದಲ್ಲಿದ್ದ ಕೈ

ಕಲಾಸಂಘದಲ್ಲಿ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುತ್ತಿದ್ದ ಆಕೆಯನ್ನು ಎಲ್ಲರೂ ಮಣ್ಣಕ್ಕ ಎಂದೇ ಕರೆಯುತ್ತಿದ್ದರು. ಸಂಘದ ಹೆಸರು, ಲಾಂಛನ, ವೆಬ್‌ಸೈಟು ಎಲ್ಲವನ್ನೂ ಹೊಸದು ಮಾಡಬೇಕೆಂದು ತೀರ್ಮಾನವಾದಾಗ ಆ ಕೆಲಸ ಅವಳ ತಮ್ಮನ ಮಗಳ ಪಾಲಿಗೆ ಬಂತು. ಹುಡುಗಿ ಬಲು ಚುರುಕು. ಅತ್ತೆಯ ಶಿಫಾರಸೇನೂ ಬೇಕಾಗಿರಲಿಲ್ಲ.

ಸಭೆಯ ದಿನ ಹುಡುಗಿ ಹಳೆಯ ಲಾಂಛನವನ್ನು ಪರದೆಯ ಮೇಲೆ ದೊಡ್ಡದಾಗಿ ಮೂಡಿಸಿದಳು. ಕೆಂಪು ಬಣ್ಣದಲ್ಲಿ ಒತ್ತಿದ ಪುಟ್ಟ ಅಂಗೈ.

"ನಿಜ ಹೇಳಲಾ? ಯಾರೋ ಊಟ ಮಾಡಿ ಕೈ ತೊಳೀದೆ ಗೋಡೆಗೆ ಒರೆಸಿದ ಹಾಗಿದೆ," ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಮಾತ್ರ ನಗಲಿಲ್ಲ. ಮಣ್ಣಕ್ಕನ ಮುಖ ನೋಡಿದವರೇ ಕನ್ನಡಕ ತೆಗೆದು ಒರೆಸುತ್ತ ಕೂತರು. ಇಪ್ಪತ್ತಾರು ವರ್ಷದ ಹಿಂದೆ ಸಂಘ ಶುರುವಾದಾಗ ಆರು ವರ್ಷದ ಪುಟ್ಟಿಯ ಅಂಗೈಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿಸಿದವರು ಅವರೇ. ಪುಟ್ಟಿ ಮಣ್ಣಕ್ಕನ ಒಬ್ಬಳೇ ಮಗಳು. ಮರುವರ್ಷ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ತಮ್ಮನ ಮಗಳು ಆಗಿನ್ನೂ ಹುಟ್ಟಿರಲಿಲ್ಲ. ಪುಟ್ಟಿಯನ್ನು ಫೋಟೋದಲ್ಲಷ್ಟೇ ನೋಡಿದ್ದಳು.

ಹೊಸ ಲಾಂಛನವೆಂದರೆ ಎರಡು ನೀಲಿ ಗೆರೆ, ನಡುವೆ ಒಂದು ಚುಕ್ಕಿ. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎತ್ತಿದವಳು ಮಣ್ಣಕ್ಕ.

ವಾರ ಕಳೆದ ಮೇಲೆ ಹುಡುಗಿ ಏದುಸಿರು ಬಿಡುತ್ತ ಮಣ್ಣಿನ ಕೆಲಸದ ಕೋಣೆಗೆ ಬಂದಳು. ಹಳೆಯ ವೆಬ್‌ಸೈಟಿನ ಚಿತ್ರಗಳನ್ನು ಹೊಸದಕ್ಕೆ ಸಾಗಿಸುವಾಗ ಆ ಅಂಗೈಯ ಫೈಲು ಸಿಕ್ಕಿತ್ತು. ಅದಕ್ಕೆ ಯಾರೋ 'ಪುಟ್ಟಿ ಬಲಗೈ' ಎಂದು ಹೆಸರಿಟ್ಟಿದ್ದರು.

"ಅತ್ತೆ, ಅದು ಪುಟ್ಟಿ ಅಕ್ಕನ ಕೈಯಾ?"

ಮಣ್ಣಕ್ಕ ಮಣ್ಣು ನಾದುವುದನ್ನು ನಿಲ್ಲಿಸಲಿಲ್ಲ. "ಹೂಂ."

"ಅಯ್ಯೋ, ಎಲ್ಲರ ಮುಂದೆ ಏನೇನೋ ಅಂದುಬಿಟ್ನಲ್ಲ! ನೀವ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀನು ತೆಗೀತಿರ್ಲಿಲ್ಲ."

"ತೆಗೀಲಿ ಅಂತಿತ್ತಾ ನಿಮಗೆ?"

"ಬಾಗಿಲ ಮೇಲೆ ಅದು, ರಸೀದಿ ಮೇಲೆ ಅದು, ಟೀ ಕಪ್ಪಿನ ಮೇಲೂ ಅದೇ. ಎಷ್ಟು ವರ್ಷ ಅಂತ ನೋಡ್ಲಿ ಹೇಳು? ಹೆತ್ತವಳೇ ತೆಗೀರಿ ಅನ್ನೋದು ಹೇಗೆ? ಗೊತ್ತಿಲ್ದವರು ಯಾರಾದ್ರೂ ತೆಗೆದ್ರೆ ಸಾಕಪ್ಪ ಅಂತಿದ್ದೆ."

ಹುಡುಗಿಯ ಕಣ್ಣು ತುಂಬಿತು. "ಸಂಘದ ಇತಿಹಾಸ ಅಂತ ಒಂದು ಪುಟ ಮಾಡಿದ್ದೀನಿ. ಅಲ್ಲಾದ್ರೂ ಹಾಕ್ತೀನಿ."

"ಬೇಡ ಅಂದ್ರೆ ಬೇಡ."

ಹೊಸ ವೆಬ್‌ಸೈಟು ಶುರುವಾಯಿತು. ಬಾಗಿಲ ಮೇಲಿನ ಫಲಕ ಇಳಿಯಿತು, ಹೊಸ ಕಪ್ಪುಗಳು ಬಂದವು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು ಮಣ್ಣಕ್ಕ. ಮೊದಲ ದಿನ ಹಾಗೇ ಅನ್ನಿಸಿತು ಕೂಡ. ನಾಲ್ಕನೆಯ ದಿನ ಬೆಳಿಗ್ಗೆ ಕಚೇರಿಗೆ ಹೋಗಿ ಗುಮಾಸ್ತನನ್ನು ಕೇಳಿದಳು. "ಹಳೇ ಲೆಟರ್‌ಹೆಡ್ ಒಂದೆರಡು ಹಾಳೆ ಉಳಿದಿದ್ಯಾ?"

"ನಿನ್ನೇನೇ ಎಲ್ಲಾ ರದ್ದಿಗೆ ಹಾಕಿದ್ವಲ್ಲ, ಅಕ್ಕ. ಏನಾದ್ರೂ ಬೇಕಿತ್ತಾ?"

"ಇಲ್ಲ. ಸುಮ್ನೆ ಕೇಳ್ದೆ."

ತಮ್ಮನ ಮಗಳನ್ನು ಕೇಳಿದ್ದರೆ ಫೈಲು ಸಿಗುತ್ತಿತ್ತು. ಫೋನು ಕೈಗೆತ್ತಿಕೊಂಡಳು, ಆದರೆ ಅಷ್ಟು ಖಡಾಖಂಡಿತವಾಗಿ ಬೇಡವೆಂದವಳಿಗೆ ಈಗ ಬೇಕು ಎನ್ನಲು ನಾಲಿಗೆ ಏಳಲಿಲ್ಲ. ತರಗತಿಗೆ ಹೊತ್ತಾಗಿತ್ತು. ಹೋಗಿ ಮಕ್ಕಳಿಗೆ ಮಣ್ಣು ಹಂಚತೊಡಗಿದಳು.