ಮೊದಲು ಒಪ್ಪಿದವರು

"ಸ್ವಲ್ಪ ಓರೆ ಮಾಡಿ ಸಾರ್, ಗೋಡೆಗೆ ತಾಗತ್ತೆ."

ಪ್ರೊಫೆಸರ್ ಪೆಟ್ಟಿಗೆಯ ಕಾಲಿನ ಕಡೆಯನ್ನು ಭುಜದಿಂದ ಇಳಿಸಿ, ಎದೆಗೆ ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಲಿಫ್ಟಿಲ್ಲದ ಮಹಡಿ ಮನೆ, ತಿರುವು ಕಿರಿದು. ತಲೆಯ ಕಡೆ ಹಿಡಿದಿದ್ದ ಯುವ ವಿಜ್ಞಾನಿ ಅವರಿಗೆ ದಾರಿ ಹೇಳುತ್ತಿದ್ದ.

ಅವನು ಮೀನು, ಅವರು ಮೂಳೆ. ಈ ಹೆಸರುಗಳನ್ನು ಇಟ್ಟವಳು ಪೆಟ್ಟಿಗೆಯೊಳಗೆ ಮಲಗಿದ್ದಳು. ಸಂಶೋಧನಾ ಕೇಂದ್ರದ ಮೈಕ್ರೋಸ್ಕೋಪ್ ಕೋಣೆಯನ್ನು ಮದುವೆಗೆ ಮುಂಚಿನಿಂದಲೂ ನೋಡಿಕೊಂಡು ಬಂದವಳು ಆಕೆ. ಯಾರು ಏನನ್ನು ತಂದು ಮಸೂರದ ಕೆಳಗೆ ಇಡುತ್ತಾರೋ ಅದೇ ಅವರ ಹೆಸರು. "ಮೂಳೆ ಬಂತು, ದೀಪ ಆರಿಸೇ," ಎಂದು ಸಹಾಯಕಿಗೆ ಪಿಸುಗುಟ್ಟುವುದು ಬಾಗಿಲಾಚೆಗೂ ಕೇಳಿಸುತ್ತಿತ್ತು. ಯಾರಿಗೂ ಸಿಟ್ಟಿರಲಿಲ್ಲ. ಅವರೂ ಆಕೆಯನ್ನು ಕತ್ತಲೆ ಅಕ್ಕ ಎನ್ನುತ್ತಿದ್ದರು.

ಪೆಟ್ಟಿಗೆಯ ಹಿಂದೆ ಅಕ್ಕನ ಗಂಡ, ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಕಂಬಿ ಹಿಡಿದು ಇಳಿಯುತ್ತಿದ್ದರು. ಸಹಾಯಕಿ ಅವರ ತೋಳು ಹಿಡಿದಿದ್ದಳು.

"ಆ ಅರ್ಜಿಗೆ ಇವತ್ತೇ ಕೊನೆ ಅಲ್ವೇನಮ್ಮ?" ಮೇಷ್ಟ್ರು ಕೇಳಿದರು. "ನನ್ನ ಮುಖ ನೋಡ್ತಾ ಕೂತ್ಕೋಬೇಡ. ಕಳಿಸಿಬಿಡು. ಎಲ್ಲರೂ ಒಪ್ಪಿದ್ರು ಅಂತ ಅವತ್ತು ಎಷ್ಟು ಹಿಗ್ಗಿಕೊಂಡು ಬಂದಿದ್ಲು!"

ಸಹಾಯಕಿಯ ಕಾಲು ಮೆಟ್ಟಿಲ ಮೇಲೇ ನಿಂತಿತು. ಒಪ್ಪಿದವರು ಒಬ್ಬರೂ ಇರಲಿಲ್ಲ.

"ಆಯ್ತು ಭಾವ," ಎಂದಳು.

* * *

ಹಳೆಯ ಮೈಕ್ರೋಸ್ಕೋಪಿಗೆ ವಯಸ್ಸಾಗಿತ್ತು. ರಸ್ತೆಯಲ್ಲಿ ಬಸ್ಸು ಹೋದರೆ ಸಾಕು, ಚಿತ್ರ ನಡುಗಿ ಕಲಸಿಹೋಗುತ್ತಿತ್ತು. ಎಲ್ಲರಿಗೂ ಸೇರಿ ಒಂದು ಹೊಸದನ್ನು ತರಿಸಬೇಕೆಂದು ಅಕ್ಕ ಅರ್ಜಿ ಸಿದ್ಧ ಮಾಡಿದ್ದಳು. ಹಣ ಕೊಡುವವರ ಷರತ್ತು ಒಂದೇ: ಇದನ್ನು ಹಂಚಿಕೊಂಡು ಬಳಸುತ್ತೇವೆ ಎಂದು ವಿಜ್ಞಾನಿಗಳು ತಾವೇ ಬರೆದುಕೊಡಬೇಕು. ಬರೆದುಕೊಟ್ಟವರು ತಮಗೆಂದು ಬೇರೆ ಯಂತ್ರ ಕೇಳುವಂತಿಲ್ಲ.

ಅಕ್ಕ ಲ್ಯಾಬಿನಿಂದ ಲ್ಯಾಬಿಗೆ ಹತ್ತಿ ಇಳಿದಳು. ಎಲ್ಲರೂ "ನೋಡೋಣ" ಎಂದರು. ಮೂಳೆ ಸಾರ್ ಏನು ಹೇಳುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಕಡೆಗೆ ಆಕೆ ಅವರ ಕೋಣೆಗೇ ಹೋದಳು, ಸಹಾಯಕಿಯೂ ಜೊತೆಗಿದ್ದಳು.

"ಹಂಚ್ಕೊಂಡ್ರೆ ನನ್ನ ಸರದಿ ಯಾವಾಗ ಬರತ್ತೆ?" ಎಂದರು ಪ್ರೊಫೆಸರ್. "ನನ್ನ ವಿದ್ಯಾರ್ಥಿಗಳು ನಿಮ್ಮ ಬಾಗಿಲಲ್ಲಿ ಕಾದೂ ಕಾದೂ ಸಾಕಾಗಿದ್ದಾರೆ. ನಾನೇ ನನ್ನ ಲ್ಯಾಬಿಗೆ ಅಂತ ಅರ್ಜಿ ಹಾಕ್ತೀನಿ."

"ನಿಮಗೆ ಸಿಕ್ಕೇ ಸಿಗತ್ತೆ ಸಾರ್, ದೊಡ್ಡ ಹೆಸರು. ಆದ್ರೆ ಹೊಸದಾಗಿ ಲ್ಯಾಬ್ ಶುರು ಮಾಡಿರೋ ಆ ಬೇರು ಏನ್ ಮಾಡ್ಬೇಕು? ಅವಳ ಲ್ಯಾಬಲ್ಲಿ ಒಂದು ಕಿಟಕಿ ಬಿಟ್ರೆ ಇನ್ನೇನಿದೆ?"

"ಅದು ನನ್ನ ತಲೆನೋವಲ್ಲ."

ಹೊರಗೆ ಬಂದು ಅಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ತುಟಿ ಬಿಳಚಿತ್ತು.

"ಭಾವ ದಿನಾ ಕೇಳ್ತಾರಲ್ಲ, ಏನ್ ಹೇಳ್ತೀರಕ್ಕ?"

"ಏನೋ ಒಂದು ಹೇಳ್ತೀನಿ. ಓಡಾಡಬೇಡ ಅಂತ ಡಾಕ್ಟರ್ ಅಂದಿದ್ದಾರೆ. ಆಗ್ಲಿಲ್ಲ, ಇನ್ನೂ ಲ್ಯಾಬ್ ಲ್ಯಾಬ್ ಹತ್ತಿಳೀತಿದ್ದೀನಿ ಅಂತ ಗೊತ್ತಾದ್ರೆ ನಿಮ್ಮ ಭಾವ ನಾಳೆಯಿಂದ ಹೊಸಿಲೇ ದಾಟಿಸಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಡಿ. ಇನ್ನೊಂದು ಸಲ ಎಲ್ಲರನ್ನೂ ಕೇಳೋಣ."

ವಾರ ತುಂಬುವುದರೊಳಗೆ, ಮಸೂರ ಒರೆಸುತ್ತಿದ್ದವಳು ಸ್ಟೂಲಿನಿಂದ ಜಾರಿ ಬಿದ್ದಳು. ಮತ್ತೆ ಏಳಲಿಲ್ಲ.

* * *

ಮಣ್ಣು ಹಾಕುವುದು ಮುಗಿದಿತ್ತು. ಸಹಾಯಕಿ ಮೀನನ್ನೂ ಬೇರನ್ನೂ ಸ್ಮಶಾನದ ಕಾಂಪೌಂಡಿನ ಮೂಲೆಗೆ ಕರೆದಳು.

"ಅಕ್ಕ ಮನೇಲಿ ಸುಳ್ಳು ಹೇಳಿದ್ದಾರೆ. ನೀವೆಲ್ಲ ಒಪ್ಪಿದ್ದೀರಿ ಅಂತ. ಪಾಪ, ಭಾವ ನಂಬಿಕೊಂಡಿದ್ದಾರೆ."

ಮೀನು ತಲೆ ತಗ್ಗಿಸಿದ. "ನನ್ನ ಬಡ್ತಿ ಕಮಿಟೀಲಿ ಮೂಳೆ ಸಾರ್ ಇದ್ದಾರೆ. ನಿನಗೇ ಗೊತ್ತಲ್ಲ."

ಬೇರು ಎಂಬ ಹುಡುಗಿಗೆ ಅತ್ತು ಅತ್ತು ಮೂಗು ಕೆಂಪಾಗಿತ್ತು. "ನನಗೋಸ್ಕರ ಅಕ್ಕ ಮೂಳೆ ಸಾರ್ ಹತ್ರ ಮಾತಾಡಿದ್ರಂತೆ. ನನ್ನ ಲ್ಯಾಬಿಗೆ ಏದುಸಿರು ಬಿಡ್ತಾ ಬಂದ್ರು. ಕೂತ್ಕೊಳ್ಳಿ ಅಂತ ಕೂಡ ನಾನು ಅನ್ಲಿಲ್ಲ." ಫೋನು ತೆಗೆದಳು. "ಏನ್ ಬರೀಬೇಕು, ಹೇಳು."

ಸಹಾಯಕಿ ಒಪ್ಪಿಗೆಯ ವಾಕ್ಯ ಹೇಳಿದಳು. ಬೇರು ಟೈಪ್ ಮಾಡುತ್ತಿದ್ದಂತೆ ಹಿಂದಿನಿಂದ ದನಿ ಬಂತು.

"ಮಣ್ಣು ಇನ್ನೂ ಹಸಿಯಾಗಿದೆ. ಇಲ್ಲೇ ಶುರುನಾ? ಸ್ವಲ್ಪನಾದ್ರೂ ಮರ್ಯಾದೆ ಬೇಡ್ವಾ?"

ಪ್ರೊಫೆಸರ್ ನಿಂತಿದ್ದರು. ಗುಂಡಿಗೆ ಮಣ್ಣು ಹಾಕಿದ ಬಲಗೈಯನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದಿದ್ದರು.

"ಅಕ್ಕ ಬದುಕಿದ್ದಾಗ ಮರ್ಯಾದೆಯಿಂದಲೇ ನಿಮ್ಮ ಬಾಗಿಲಿಗೆ ಬಂದಿದ್ರು ಸಾರ್," ಎಂದಳು ಸಹಾಯಕಿ. ಅವರೆದುರು ಅವಳು ದನಿಯೆತ್ತಿದ್ದು ಅದೇ ಮೊದಲು.

ಮೀನು ಕೆಮ್ಮಿದ. "ಆ ವಾಕ್ಯ ನನಗೂ ಕಳಿಸು," ಎಂದ ಬೇರಿಗೆ, ಪ್ರೊಫೆಸರ್ ಕಡೆ ನೋಡದೆ.

ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ಬಂದವರಿಗೆಲ್ಲ ಕೈಮುಗಿಯುತ್ತಾ ಅಲ್ಲಿಗೇ ಬಂದರು. ಪ್ರೊಫೆಸರನ್ನು ನೋಡಿ ಮುಖ ಸ್ವಲ್ಪ ಅರಳಿತು.

"ನೀವೇ ಮೂಳೆ ಅಲ್ವಾ ಸಾರ್? ಅಯ್ಯೋ ಕ್ಷಮಿಸಿ. ಮನೇಲಿ ಹಾಗೇ ಅಂತಿದ್ಲು." ಹತ್ತಿರ ಬಂದರು. "ಮೊದಲು ಒಪ್ಪಿದ್ದು ನೀವೇ ಅಂತೆ. ಅವರೇ ಒಪ್ಪಿದ್ಮೇಲೆ ಮಿಕ್ಕವರು ಇಲ್ಲ ಅನ್ನಲ್ಲ ಅಂದ್ಲು. ಎಷ್ಟು ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ್ಲು, ಸಾರ್. ನಿಮ್ಮ ಉಪಕಾರ ಮರೆಯಲ್ಲ."

ಪ್ರೊಫೆಸರ್ ಬಾಯಿ ತೆರೆದರು. ಮೀನು, ಬೇರು ಇಬ್ಬರೂ ಅವರ ತುಟಿಯನ್ನೇ ನೋಡುತ್ತಿದ್ದರು.

"ಹೂಂ," ಎಂದರು ಪ್ರೊಫೆಸರ್. ಸಹಾಯಕಿಯ ಕಡೆ ತಿರುಗಿದರು. "ನನ್ನ ಹೆಸರೂ ಸೇರಿಸಮ್ಮ. ನನ್ನ ಅರ್ಜಿ ವಾಪಸ್ ತಗೋತೀನಿ."

ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ. ದುಃಖದಲ್ಲಿ ಏನೋ ಅನ್ನುತ್ತಿದ್ದಾರೆ ಅಂದುಕೊಂಡರು.

"ಎಲ್ಲಿ ಸೇರಿಸಲಿ ಸಾರ್?" ಸಹಾಯಕಿ ಕೇಳಿದಳು. "ಮೊದಲಾ, ಕೊನೆಗಾ?"

ಅಷ್ಟರಲ್ಲಿ ಮೇಷ್ಟ್ರು ಕೈ ಚಾಚಿದ್ದರು. ಪ್ರೊಫೆಸರ್ ತಮ್ಮ ಮಣ್ಣಾದ ಕೈಯನ್ನು ಹಿಂದೆ ಸರಿಸಿಕೊಂಡರು.

"ಇರಲಿ ಬಿಡಿ ಸಾರ್," ಎನ್ನುತ್ತಾ ಮೇಷ್ಟ್ರು ಆ ಕೈಯನ್ನು ಎಳೆದುಕೊಂಡರು. ಜೇಬಿನಿಂದ ಕರವಸ್ತ್ರ ತೆಗೆದು, ಬಣ್ಣ ಮೆತ್ತಿಕೊಂಡ ಶಾಲೆಯ ಮಕ್ಕಳ ಕೈ ಒರೆಸುವ ಹಾಗೆ, ಒಂದೊಂದೇ ಬೆರಳು ಬಿಡಿಸಿ, ಉಗುರಿನ ಸಂದಿಯ ಮಣ್ಣನ್ನು ಒರೆಸತೊಡಗಿದರು.